ಹಳೆಯ ಜಿಪ್ಸಿ: ನಿರ್ವಹಣೆ ಮತ್ತು ಮಾರ್ಪಾಡು

ದಾರಿಯಿಲ್ಲದ ಕಡೆ ಓಡಿಸಲೆಂದು ಕೊಂಡ ಹಳೆಯ ಫೋರ್ ವೀಲ್ ಡ್ರೈವ್ ಗಾಡಿಯನ್ನು ಸುಸ್ಥಿತಿಗೆ ತರುವುದು, ಆಮೇಲೆ ಅದರ ಸಾಮರ್ಥ್ಯ ಹೆಚ್ಚಿಸುವುದು ಎಂಬ ಎರಡು ಕೆಲಸಗಳು ಭಾರತದಲ್ಲಿ ಬಹುಕಾಲ ಎರಡು ವಂಶದ ವಾಹನಗಳ ಸುತ್ತಲೇ ನಡೆದು ಬಂದಿವೆ. ಒಂದು ಮಹೀಂದ್ರ ಜೀಪು, ಇನ್ನೊಂದು ಮಾರುತಿ ಜಿಪ್ಸಿ. ಈ ಲೇಖನ ಮುಖ್ಯವಾಗಿ ಜಿಪ್ಸಿಯನ್ನು ಕುರಿತದ್ದು. ಅದರ ಯಂತ್ರರಚನೆ ಸರಳ, ತೂಕ ಕಡಿಮೆ, ಮತ್ತು ಸೇನೆ, ಅರಣ್ಯ ಇಲಾಖೆ, ರ‍್ಯಾಲಿ, ಸಫಾರಿ ಎಂದು ನಾನಾ ಕಡೆ ದುಡಿದು ಎರಡನೆಯ, ಮೂರನೆಯ ಕೈಗೆ ಬಂದ ಗಾಡಿಗಳು ಇನ್ನೂ ಸಿಗುತ್ತವೆ. ಗ್ಯಾರೇಜಿಗೆ ಬರುವ ಹೊಸ ಮಾಲೀಕರು ಸಾಮಾನ್ಯವಾಗಿ ಮೊದಲು ಕೇಳುವುದು ದೊಡ್ಡ ಟೈರಿನ ಬಗ್ಗೆ. ಕೇಳಬೇಕಾದ ಮೊದಲ ಪ್ರಶ್ನೆ ಅದಲ್ಲ. ಒಂದು ಭಾಗವನ್ನು ಬಲಪಡಿಸಿದಾಗ ಹೊರೆ ಮಾಯವಾಗುವುದಿಲ್ಲ, ಪಕ್ಕದ ಭಾಗಕ್ಕೆ ಸರಿಯುತ್ತದೆ. ಆ ಪಕ್ಕದ ಭಾಗ ಹದಿನೈದು ಇಪ್ಪತ್ತು ವರ್ಷ ಸವೆದದ್ದಾಗಿದ್ದರೆ ಮುರಿಯುವುದು ಅದೇ.

ಹಿನ್ನೆಲೆ

ಜಪಾನಿನ ಸುಜುಕಿ ಕಂಪನಿಯ ಎಸ್‌ಜೆ ಸರಣಿಯ ಜಿಮ್ನಿಯನ್ನು ಉದ್ದಗೊಳಿಸಿ ಮಾರುತಿ ಉದ್ಯೋಗ್ 1985ರ ಕೊನೆಯಲ್ಲಿ ಜಿಪ್ಸಿಯನ್ನು ಮಾರುಕಟ್ಟೆಗೆ ತಂದಿತು. ಮೊದಲ ಮಾದರಿಯಲ್ಲಿದ್ದುದು 970 ಸಿಸಿ ಪೆಟ್ರೋಲ್ ಎಂಜಿನ್. 1993ರಲ್ಲಿ ಎಡಬಲ ಚಕ್ರಗಳ ನಡುವಿನ ಅಂತರವನ್ನು 90 ಮಿ.ಮೀ.ನಷ್ಟು ಹೆಚ್ಚಿಸಿದರು. ಅದಕ್ಕೂ ಹಿಂದಿನ ಕಿರಿದಾದ ಗಾಡಿಗಳು ಅಡ್ಡ ಇಳಿಜಾರಿನಲ್ಲಿ ಅಂಜಿಕೆ ಹುಟ್ಟಿಸುತ್ತವೆ, ಇಂದು ಕೊಳ್ಳುವವರು ಇದನ್ನು ನೆನಪಿಡಬೇಕು. 1996ರಲ್ಲಿ 1298 ಸಿಸಿ ಎಂಜಿನ್ ಮತ್ತು ಐದು ಗೇರಿನೊಂದಿಗೆ ಜಿಪ್ಸಿ ಕಿಂಗ್ ಬಂತು. 2000ದಲ್ಲಿ ಕಾರ್ಬ್ಯುರೇಟರ್ ಹೋಗಿ ಇಂಧನವನ್ನು ಚಿಮ್ಮಿಸುವ 16 ವಾಲ್ವಿನ ಎಂಪಿಎಫ್‌ಐ ಎಂಜಿನ್ ಬಂದಾಗ ಶಕ್ತಿ 80 ಬಿಎಚ್‌ಪಿಗೆ ಏರಿತು, ಜೊತೆಗೆ ಬ್ರೇಕಿಗೆ ಬೂಸ್ಟರ್ ಸೇರಿತು. ಇಷ್ಟು ಬಿಟ್ಟರೆ ಗಾಡಿ ಮೂರು ದಶಕ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಏಣಿಯಾಕಾರದ ಚಾಸಿ, ಹಿಂದೆ ಮುಂದೆ ಎರಡೂ ಕಡೆ ಲೀಫ್ ಸ್ಪ್ರಿಂಗು, ಎರಡೂ ಕಡೆ ಇಡಿಯಾದ ಆಕ್ಸಲ್, 2375 ಮಿ.ಮೀ. ವೀಲ್‌ಬೇಸ್, 210 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್, ಸುಮಾರು ಒಂದು ಟನ್ ತೂಕ. ಏರ್‌ಬ್ಯಾಗ್, ಎಬಿಎಸ್, ಅಪಘಾತ ಪರೀಕ್ಷೆಯ ಹೊಸ ನಿಯಮಗಳು ಎದುರಾದಾಗ ಈ ವಿನ್ಯಾಸಕ್ಕೆ ಉತ್ತರವಿರಲಿಲ್ಲ. 2019ರಲ್ಲಿ ಸಾರ್ವಜನಿಕರಿಗೆ ಮಾರಾಟ ನಿಂತಿತು. 2023ರಲ್ಲಿ ಬಂದ ಐದು ಬಾಗಿಲಿನ ಜಿಮ್ನಿ ಅದರ ವಂಶಸ್ಥನೇ ಆದರೂ ಕಾಯಿಲ್ ಸ್ಪ್ರಿಂಗು, ಎಲೆಕ್ಟ್ರಾನಿಕ್ ನಿಯಂತ್ರಣಗಳಿರುವ ಬೇರೆಯೇ ಗಾಡಿ.

ಮಹೀಂದ್ರ ಜೀಪಿನ ವಂಶ ಅಮೆರಿಕದ ವಿಲ್ಲೀಸ್ ಜೀಪಿನಿಂದ ಇಳಿದು ಬಂದದ್ದು. ಎಂಎಂ 540ರಲ್ಲಿ ಫ್ರಾನ್ಸಿನ ಪ್ಯೂಜೊ ಮೂಲದ ಡೀಸೆಲ್ ಎಂಜಿನ್ ಇತ್ತು. ಮಲೆನಾಡಿನ ತೋಟಗಳಲ್ಲಿ, ಕೊಡಚಾದ್ರಿ ಮತ್ತು ಮಾಂದಲ್‌ಪಟ್ಟಿಯ ಏರುಗಳಲ್ಲಿ ಜನ ಹೊತ್ತು ದುಡಿಯುವುದು ಹೆಚ್ಚಾಗಿ ಈ ಡೀಸೆಲ್ ಜೀಪುಗಳೇ. ನಿಧಾನಗತಿಯಲ್ಲಿ ಎಳೆಯುವ ಬಲದಲ್ಲಿ ಜಿಪ್ಸಿಯ ಪೆಟ್ರೋಲ್ ಎಂಜಿನ್ ಇವಕ್ಕೆ ಸಾಟಿಯಲ್ಲ. ಆದರೆ ಕೆಸರಿನಲ್ಲಿ ತೂಕ ಕಡಿಮೆಯಿರುವುದೇ ದೊಡ್ಡ ಅನುಕೂಲ, ಜೀಪು ಹೂತಲ್ಲಿ ಜಿಪ್ಸಿ ಎಷ್ಟೋ ಸಲ ಮೇಲೆಯೇ ತೇಲಿ ದಾಟುತ್ತದೆ. 2010ರಲ್ಲಿ ಬಂದ ಥಾರ್ ಮುಂದಿನ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್ ಪಡೆದು ಎರಡೂ ಬಗೆಗಿಂತ ಬೇರೆಯಾಯಿತು. ಅದರ ಮಾರ್ಪಾಡಿನ ಕ್ರಮವೂ ಬೇರೆ.

ಕೊಳ್ಳುವಾಗ

ಹಳೆಯ ಜಿಪ್ಸಿಗಳು ಮೂರು ದಾರಿಯಿಂದ ಬರುತ್ತವೆ. ಖಾಸಗಿ ಮಾಲೀಕರದು ಮೊದಲನೆಯದು. ಎರಡನೆಯದು ಸೇನೆ ಮತ್ತು ಸರ್ಕಾರಿ ಇಲಾಖೆಗಳ ಹರಾಜು. ಮೂರನೆಯದು ದೆಹಲಿ ಪ್ರದೇಶ. ಅಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳನ್ನು ರಸ್ತೆಗೆ ಇಳಿಸಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನೀಡಿದ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದ ಮೇಲೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಹಿಡಿದು ದಕ್ಷಿಣಕ್ಕೆ ಬಂದ ಗಾಡಿಗಳು ಅನೇಕ. ಹೊರರಾಜ್ಯದ ಗಾಡಿಯನ್ನು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿಯ ನೋಂದಣಿ ಸಂಖ್ಯೆ ಪಡೆಯುವುದು ಕಡ್ಡಾಯ. ಕರ್ನಾಟಕದಲ್ಲಾದರೆ ಜೀವಾವಧಿ ತೆರಿಗೆಯೂ ಸೇರುತ್ತದೆ, ಅದನ್ನು ಲೆಕ್ಕ ಹಾಕದೆ ಅಗ್ಗವೆಂದು ಕೊಂಡವರ ಅಗ್ಗ ಆರ್‌ಟಿಒ ಕಚೇರಿಯಲ್ಲಿ ಮುಗಿಯುತ್ತದೆ. ಹರಾಜಿನ ಗಾಡಿಗೆ ಸೇನೆಯ ಬಿಡುಗಡೆ ಪತ್ರಗಳು ಇಲ್ಲದಿದ್ದರೆ ನೋಂದಣಿಯೇ ಆಗುವುದಿಲ್ಲ.

ಹರಿಯಾಣ ಮತ್ತು ಪಂಜಾಬಿನ ಗಡಿಯಲ್ಲಿರುವ ಮಂಡಿ ಡಬ್ವಾಲಿ ಹಳೆಯ ಜೀಪುಗಳನ್ನು ಬಿಡಿಭಾಗಗಳಿಂದ ಹೊಸದಾಗಿ ಕಟ್ಟಿಕೊಡುವುದಕ್ಕೆ ದೇಶಕ್ಕೇ ಹೆಸರುವಾಸಿ. ಅಲ್ಲಿಯ ಟಿಂಕರಿಂಗ್ ಕೈಚಳಕ ನಿಜವಾಗಿಯೂ ಮೆಚ್ಚತಕ್ಕದ್ದು. ಆದರೆ ಹೀಗೆ ಕಟ್ಟಿದ ಗಾಡಿಯ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಆರ್‌ಸಿ ಪುಸ್ತಕ ಮೂರೂ ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ಕಣ್ಣಾರೆ ನೋಡದೆ ಮುಂಗಡ ಕೊಡಬಾರದು.

ಕಾಗದ ಸರಿಯಿದ್ದರೆ ಮುಂದಿನದು ಚಾಸಿ. ಎಂಜಿನ್ ಹಾಳಾಗಿದ್ದರೆ ಬದಲಿಸಬಹುದು, ಗೇರ್‌ಬಾಕ್ಸ್ ಗುಜರಿಯಲ್ಲಿ ಸಿಗುತ್ತದೆ, ಕೊಳೆತ ಚಾಸಿಗೆ ಮಾತ್ರ ಪರಿಹಾರ ಕಷ್ಟ. ಸಣ್ಣ ಸುತ್ತಿಗೆ ಹಿಡಿದು ಉದ್ದಕ್ಕೂ ತಟ್ಟುತ್ತಾ ಹೋಗುವುದು ಹಳೆಯ ಮೇಸ್ತ್ರಿಗಳ ಕ್ರಮ, ಅದಕ್ಕಿಂತ ಒಳ್ಳೆಯ ಉಪಾಯ ಇನ್ನೂ ಬಂದಿಲ್ಲ. ಗಟ್ಟಿ ಲೋಹ ಖಣಿಲೆನ್ನುತ್ತದೆ, ತುಕ್ಕು ತಿಂದದ್ದು ಮಂಕು ಸದ್ದು ಮಾಡುತ್ತದೆ. ಹಿಂದಿನ ಸ್ಪ್ರಿಂಗಿನ ಶ್ಯಾಕಲ್ ಕೂರುವ ಜಾಗ, ಬಾಡಿ ಚಾಸಿಗೆ ಕೂಡುವ ರಬ್ಬರ್ ಮೌಂಟುಗಳ ಸುತ್ತ, ಡ್ರೈವರ್ ಕಾಲಿಡುವ ನೆಲ, ಗಾಜಿನ ಚೌಕಟ್ಟಿನ ಬುಡ ಇವು ಮೊದಲು ಕೆಡುವ ಕಡೆಗಳು. ಮಂಗಳೂರು, ಉಡುಪಿಯಂಥ ಕರಾವಳಿಯಲ್ಲಿ ಓಡಿದ ಗಾಡಿಯಾದರೆ ಉಪ್ಪುಗಾಳಿಯ ಕೆಲಸವೂ ಸೇರಿರುತ್ತದೆ. ಹೊಸದಾಗಿ ಬಳಿದ ದಪ್ಪ ಕಪ್ಪು ಅಂಡರ್‌ಕೋಟಿಂಗ್ ಕಂಡರೆ ಸಂತೋಷಪಡುವ ಬದಲು ಅನುಮಾನಪಡುವುದು ಲೇಸು.

ಮೊದಲ ಸುತ್ತಿನ ಕೆಲಸ

ಹಿಂದಿನ ಮಾಲೀಕರು ಏನು ಮಾಡಿಸಿದ್ದರು ಎಂಬ ದಾಖಲೆ ಇಲ್ಲದಿದ್ದರೆ ಏನನ್ನೂ ಮಾಡಿಸಿಲ್ಲವೆಂದೇ ಹಿಡಿದು ಆರಂಭಿಸಬೇಕು. ಎಂಜಿನ್ ಎಣ್ಣೆ, ಫಿಲ್ಟರು, ಪ್ಲಗ್, ಕೂಲಂಟ್, ರೇಡಿಯೇಟರ್ ಹೋಸುಗಳು, ಬ್ರೇಕ್ ಆಯಿಲ್, ಟೈಮಿಂಗ್ ಬೆಲ್ಟು ಎಲ್ಲವನ್ನೂ ಒಟ್ಟಿಗೆ ಬದಲಿಸುವುದು ಖರ್ಚಿನ ಮಾತಾದರೂ ಲೆಕ್ಕ ಅಲ್ಲಿಂದ ಹೊಸದಾಗಿ ಶುರುವಾಗುತ್ತದೆ. 1.3 ಲೀಟರ್ ಎಂಜಿನ್ನಿನ ಬ್ಲಾಕು, ಹೆಡ್ಡು ಎರಡೂ ಅಲ್ಯೂಮಿನಿಯಮ್. ಒಮ್ಮೆ ಚೆನ್ನಾಗಿ ಕಾದರೆ ಹೆಡ್ಡು ಬಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ. ಫಸ್ಟ್ ಗೇರಿನಲ್ಲಿ ಅರ್ಧ ತಾಸು ಏರು ಹತ್ತುವಾಗ ಗಾಳಿ ಬೀಸುವುದಿಲ್ಲ, ಎಂಜಿನ್ ಮಾತ್ರ ಜೋರಾಗಿ ದುಡಿಯುತ್ತಿರುತ್ತದೆ. ಹೆದ್ದಾರಿಯಲ್ಲಿ ಯಾವ ತಕರಾರೂ ಮಾಡದ ರೇಡಿಯೇಟರ್ ಇಲ್ಲಿ ಕೈಕೊಡುವುದು ಈ ಕಾರಣದಿಂದ. ಹೊರಗಿನ ಜಾಲರಿಯಲ್ಲಿ ಒಣಗಿದ ಕೆಸರು, ಒಳಗೆ ಕಟ್ಟಿದ ಸುಣ್ಣ ಎರಡನ್ನೂ ತೆಗೆಸಬೇಕು. ಬಾವಿನೀರು ಸುರಿದು ಓಡಿಸಿದ ಗಾಡಿಗಳಲ್ಲಿ ಒಳಗಿನ ಕೊಳವೆಗಳು ಅರ್ಧಕ್ಕರ್ಧ ಮುಚ್ಚಿರುತ್ತವೆ.

ಗೇರ್‌ಬಾಕ್ಸಿನಿಂದ ಬಂದ ಶಕ್ತಿ ಜಿಪ್ಸಿಯಲ್ಲಿ ಒಂದು ಚಿಕ್ಕ ಶಾಫ್ಟಿನ ಮೂಲಕ ಬೇರೆಯಾಗಿ ಕೂತ ಟ್ರಾನ್ಸ್‌ಫರ್ ಕೇಸಿಗೆ ಹೋಗಿ, ಅಲ್ಲಿಂದ ಎರಡು ಪ್ರೊಪೆಲ್ಲರ್ ಶಾಫ್ಟುಗಳಲ್ಲಿ ಹಿಂದಕ್ಕೂ ಮುಂದಕ್ಕೂ ಹರಿಯುತ್ತದೆ. ಅಂದರೆ ಮೂರು ಶಾಫ್ಟು, ಅವುಗಳ ತುದಿಯಲ್ಲೆಲ್ಲ ಗ್ಯಾರೇಜಿನವರು ಕ್ರಾಸ್ ಎನ್ನುವ ಯುನಿವರ್ಸಲ್ ಜಾಯಿಂಟುಗಳು. ರಿವರ್ಸಿನಿಂದ ಫಸ್ಟಿಗೆ ಹಾಕಿ ಕ್ಲಚ್ ಬಿಟ್ಟಾಗ ಕೆಳಗೆ ಠಕ್ಕೆಂದರೆ ಕ್ರಾಸ್ ಸವೆದಿದೆ ಎಂದು ಸಾಮಾನ್ಯ ಅರ್ಥ. ಗ್ರೀಸ್ ನಿಪ್ಪಲ್ ಇರುವ ಕ್ರಾಸಿಗೆ ಹಳೆಯ ಕೊಳೆ ಗ್ರೀಸು ಹೊರಬಂದು ಹೊಸದು ಕಾಣುವ ತನಕ ಗನ್ ಒತ್ತಬೇಕು. ಶಾಫ್ಟಿನ ಉದ್ದ ಹೆಚ್ಚುಕಡಿಮೆಯಾಗಲು ಬಿಡುವ ಸ್ಲಿಪ್ ಜಾಯಿಂಟಿನ ನಿಪ್ಪಲನ್ನು ಅರ್ಧದಷ್ಟು ಮೆಕ್ಯಾನಿಕ್‌ಗಳು ಮರೆಯುತ್ತಾರೆ. ಟ್ರಾನ್ಸ್‌ಫರ್ ಕೇಸ್ ರಬ್ಬರ್ ಮೌಂಟುಗಳ ಮೇಲೆ ಕೂತಿರುವುದರಿಂದ ಆ ರಬ್ಬರು ಹರಿದರೆ ಇಡೀ ಪೆಟ್ಟಿಗೆಯೇ ಅಲುಗಾಡುತ್ತದೆ, ಕಡಿದಾದ ಇಳಿಜಾರಿನಲ್ಲಿ ಲೋ ರೇಂಜಿನ, ಅಂದರೆ ನಿಧಾನಗತಿಯ, ಗೇರು ತಾನೇ ಕಳಚಿಕೊಳ್ಳುತ್ತದೆ. ಎಂಜಿನ್ ಬ್ರೇಕಿಂಗ್ ನಂಬಿ ಇಳಿಯುತ್ತಿರುವ ಹೊತ್ತಿನಲ್ಲಿ ಹೀಗಾದರೆ ಅಪಾಯ ದೊಡ್ಡದು. ಲಿವರನ್ನು ಕೈಯಲ್ಲಿ ಹಿಡಿದಿಟ್ಟುಕೊಂಡು ಓಡಿಸುವ ಚಾಲಕರಿದ್ದಾರೆ. ಅದು ಜಾಣತನವಲ್ಲ, ಒಂದು ರಬ್ಬರ್ ತುಂಡಿನ ಖರ್ಚು ಮುಂದೂಡುವ ಅಭ್ಯಾಸ.

ಮುಂದಿನ ಆಕ್ಸಲ್

ಜಿಪ್ಸಿಯ ಆರೋಗ್ಯ ತಿಳಿಯಲು ನೋಡಬೇಕಾದ ಒಂದೇ ಜಾಗ ಯಾವುದೆಂದರೆ ಮುಂದಿನ ಚಕ್ರದ ಹಿಂಬದಿ. ಇಡಿಯಾದ ಆಕ್ಸಲ್ಲಿನ ತುದಿಯಲ್ಲಿ ನುಣುಪಾದ ಲೋಹದ ಗುಂಡು ಇದೆ. ಚಕ್ರವನ್ನು ಹಿಡಿದ ನಕಲ್ ಅದನ್ನು ಸುತ್ತುವರಿದು, ಮೇಲೆ ಕೆಳಗೆ ಎರಡು ಕಿಂಗ್‌ಪಿನ್ ಬೇರಿಂಗುಗಳ ಮೇಲೆ ತಿರುಗುತ್ತದೆ. ಒಳಗೆ, ಚಕ್ರ ಎಡಬಲ ತಿರುಗಿದರೂ ಶಕ್ತಿ ದಾಟಿಸುವ ಸಿವಿ ಜಾಯಿಂಟು ಗ್ರೀಸಿನಲ್ಲಿ ಮುಳುಗಿರುತ್ತದೆ. ಗುಂಡನ್ನು ಒರೆಸಿ ಧೂಳು ನೀರನ್ನು ಹೊರಗಿಡಲು ಹಿಂಬದಿಯಲ್ಲಿ ರಬ್ಬರು ಮತ್ತು ಫೆಲ್ಟ್ ಬಟ್ಟೆಯ ಸೀಲು, ಡಿಫರೆನ್ಷಿಯಲ್ಲಿನ ಎಣ್ಣೆ ಈ ಕೋಣೆಗೆ ಬಾರದಂತೆ ಒಳಬದಿಯಲ್ಲಿ ಇನ್ನೊಂದು ಆಯಿಲ್ ಸೀಲು.

ಕೆಡುವುದು ಈ ಕ್ರಮದಲ್ಲಿ. ಹೊರಗಿನ ಸೀಲು ಗಟ್ಟಿಯಾಗಿ ಬಿರಿಯುತ್ತದೆ, ಹೊಳೆ ದಾಟುವಾಗ ಮರಳು ನೀರು ಒಳಸೇರಿ ಗುಂಡಿನ ಹೊಳಪು ಕೆಟ್ಟು ಗೀರು ಬೀಳುತ್ತದೆ, ಗೀರುಬಿದ್ದ ಗುಂಡು ಹೊಸ ಸೀಲನ್ನೂ ತಿನ್ನುತ್ತದೆ. ಒಳಗಿನ ಸೀಲು ಹೋದರೆ ಡಿಫರೆನ್ಷಿಯಲ್ಲಿನ ತೆಳು ಎಣ್ಣೆ ಬಂದು ಗ್ರೀಸನ್ನು ಕರಗಿಸಿ, ಕಪ್ಪು ಸಾರಾಗಿ ಚಕ್ರದ ಒಳಮೈ ಮೇಲೆ ಇಳಿಯುತ್ತದೆ. ಬ್ರೇಕ್ ಡಿಸ್ಕಿನ ಬಳಿ ಎಣ್ಣೆ ಕಂಡರೆ ಬ್ರೇಕ್ ಆಯಿಲ್ ಇರಬೇಕೆಂದು ತಿಳಿದು ಕ್ಯಾಲಿಪರ್ ಬಿಚ್ಚುವುದು ಸಾಮಾನ್ಯ ತಪ್ಪು. ಬೆರಳಿಗೆ ಹಚ್ಚಿ ಮೂಸಿದರೆ ಸಾಕು, ಗೇರ್ ಎಣ್ಣೆಯ ಗಂಧಕದ ವಾಸನೆ ಬೇರೆ ಯಾವುದಕ್ಕೂ ಇಲ್ಲ.

ಕಿಂಗ್‌ಪಿನ್ ಬೇರಿಂಗು ಸವೆದ ಗಾಡಿ 50–60 ಕಿ.ಮೀ. ವೇಗದಲ್ಲಿ ಸಣ್ಣ ಗುಂಡಿ ಹಾರಿದ ಕೂಡಲೇ ಸ್ಟೀರಿಂಗನ್ನು ಎಡಬಲಕ್ಕೆ ರಪರಪನೆ ಬಡಿಯತೊಡಗುತ್ತದೆ. ಗ್ಯಾರೇಜಿನಲ್ಲಿ ಇದಕ್ಕೆ ವಾಬ್ಲಿಂಗ್ ಎನ್ನುತ್ತಾರೆ. ಚಕ್ರವನ್ನು ಜಾಕಿನಲ್ಲಿ ಎತ್ತಿ ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದರೆ ಸಡಿಲ ಕೈಗೆ ಗೊತ್ತಾಗುತ್ತದೆ. ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಾಗಲೂ ಸಡಿಲ ಉಳಿದರೆ ದೋಷ ವೀಲ್ ಬೇರಿಂಗಿನದಲ್ಲ, ಕಿಂಗ್‌ಪಿನ್ನಿನದು. ಬೇರಿಂಗು ಬದಲಿಸುವ ಬದಲು ಹೊಸ ಸ್ಟೀರಿಂಗ್ ಡ್ಯಾಂಪರ್ ಹಾಕಿ ಕಳಿಸುವುದುಂಟು. ನಡುಕ ಕೆಲ ಕಾಲ ಅಡಗುತ್ತದೆ, ಸವೆತ ಒಳಗೊಳಗೇ ಮುಂದುವರಿಯುತ್ತದೆ. ದೊಡ್ಡ ಟೈರು ಹಾಕಿದ ದಿನ ಅದು ದುಪ್ಪಟ್ಟಾಗಿ ಹೊರಬೀಳುತ್ತದೆ, ಬೈಗುಳ ಮಾತ್ರ ಟೈರಿಗೆ.

ಮುಂದಿನ ಚಕ್ರಗಳ ಹಬ್ಬಿನಲ್ಲಿ ಕೈಯಿಂದ ತಿರುಗಿಸುವ ಲಾಕು ಇರುವ ಗಾಡಿಗಳಲ್ಲಿ ಅದನ್ನು ತೊಡಗಿಸದೆ ಒಳಗಿನ ಲಿವರನ್ನು ಮಾತ್ರ ಎಳೆದರೆ ಶಾಫ್ಟು ತಿರುಗುತ್ತದೆ, ಚಕ್ರ ತಿರುಗುವುದಿಲ್ಲ. ಕೆಸರಿಗೆ ಇಳಿಯುವ ಮುನ್ನವೇ ಇಳಿದು ಹಬ್ಬು ತಿರುಗಿಸಬೇಕು. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ಹಬ್ಬು ಒಳಗೆ ತುಕ್ಕು ಹಿಡಿದು ಕೂತಿರುವುದೂ ಉಂಟು. ತಿಂಗಳಿಗೊಮ್ಮೆಯಾದರೂ ಅದನ್ನು ತೊಡಗಿಸಿ ಮಣ್ಣುದಾರಿಯಲ್ಲಿ ಸ್ವಲ್ಪ ದೂರ ಓಡಿಸುವುದು ಒಳ್ಳೆಯದು. ಡಾಂಬರಿನ ಮೇಲೆ ಬೇಡ. ಜಿಪ್ಸಿಯಲ್ಲಿ ಹಿಂದು ಮುಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲದ ಕಾರಣ, ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಕ್ರಮಿಸಿದಾಗ ಆ ವ್ಯತ್ಯಾಸವೆಲ್ಲ ಶಾಫ್ಟು ಮತ್ತು ಗೇರುಗಳ ಮೇಲೆ ಬಿಗಿತವಾಗಿ ಕೂರುತ್ತದೆ. ಮಣ್ಣಿನ ಮೇಲೆ ಚಕ್ರ ಜಾರಿ ಅದು ಸಡಿಲವಾಗುತ್ತದೆ, ಡಾಂಬರು ಜಾರಲು ಬಿಡುವುದಿಲ್ಲ.

ಎಣ್ಣೆ ಮತ್ತು ಬ್ರೀದರ್

ಎರಡು ಡಿಫರೆನ್ಷಿಯಲ್, ಟ್ರಾನ್ಸ್‌ಫರ್ ಕೇಸ್, ಗೇರ್‌ಬಾಕ್ಸ್ ನಾಲ್ಕಕ್ಕೂ ಬೇರೆ ಬೇರೆ ಎಣ್ಣೆಕೋಣೆ. ಡಿಫರೆನ್ಷಿಯಲ್ಲಿನ ಕ್ರೌನ್ ಪಿನಿಯನ್ ಹಲ್ಲುಗಳು ಉಜ್ಜಿಕೊಂಡು ತಿರುಗುವುದರಿಂದ ಅಲ್ಲಿಗೆ ಜಿಎಲ್-5 ದರ್ಜೆಯ ಎಣ್ಣೆ ಬೇಕು. ಗೇರ್‌ಬಾಕ್ಸಿನ ಹಿತ್ತಾಳೆಯ ಸಿಂಕ್ರೊ ಉಂಗುರಗಳಿಗೆ ಜಿಎಲ್-4 ಹಿತ. ಎಲ್ಲಕ್ಕೂ ಒಂದೇ ಡಬ್ಬದಿಂದ ಸುರಿಯುವ ಅಭ್ಯಾಸ ಗೇರು ಬೀಳುವುದನ್ನು ನಿಧಾನವಾಗಿ ಕೆಡಿಸುತ್ತದೆ. ಬಿಚ್ಚಿದಾಗ ಎಣ್ಣೆ ಹಾಲುಬಿಳಿಗೆ ತಿರುಗಿದ್ದರೆ ನೀರು ಸೇರಿದೆ.

ಸೀಲು ಚೆನ್ನಾಗಿದ್ದರೂ ನೀರು ಸೇರುವ ಒಂದು ದಾರಿಯಿದೆ. ಓಡಿ ಬಿಸಿಯಾದ ಆಕ್ಸಲ್ ತಣ್ಣನೆಯ ಹೊಳೆಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ. ಆ ಕೊರತೆ ತುಂಬಲು ಹೊರಗಿನಿಂದ ಗಾಳಿ ಬರಬೇಕು, ಅದಕ್ಕೆಂದೇ ಆಕ್ಸಲ್ಲಿನ ಮೇಲೆ ಬ್ರೀದರ್ ಎಂಬ ಸಣ್ಣ ಮೂತಿಯಿದೆ. ಮೂತಿ ನೀರಿನಲ್ಲಿ ಮುಳುಗಿದ್ದರೆ ಅಥವಾ ಕೆಸರು ಮೆತ್ತಿ ಮುಚ್ಚಿದ್ದರೆ ಗಾಳಿಯ ಬದಲು ನೀರು ಒಳಗೆ ಎಳೆಯಲ್ಪಡುತ್ತದೆ. ನಾಲ್ಕೂ ಕೋಣೆಗಳ ಬ್ರೀದರಿಗೆ ಎಣ್ಣೆ ತಡೆಯುವ ರಬ್ಬರ್ ಹೋಸು ಜೋಡಿಸಿ ಬಾನೆಟ್ಟಿನೊಳಗೆ ಎತ್ತರಕ್ಕೆ ಒಯ್ದು, ತುದಿಗೆ ಸಣ್ಣ ಫಿಲ್ಟರ್ ಹಾಕುವುದು ಪರಿಹಾರ. ಹಳೆಯ ಜಿಪ್ಸಿಗೆ ಮಾಡಬಹುದಾದ ಮಾರ್ಪಾಡುಗಳಲ್ಲಿ ಇದಕ್ಕಿಂತ ಅಗ್ಗವಾದದ್ದು, ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ. ಹೊರಗೆ ಕಾಣುವುದಿಲ್ಲವಾದ್ದರಿಂದ ಮಾಡಿಸುವವರು ಕಡಿಮೆ.

ಟೈರು

ಇಡಿಯಾದ ಆಕ್ಸಲ್ ಇರುವ ಗಾಡಿಯಲ್ಲಿ ನೆಲಕ್ಕೆ ಅತಿ ಹತ್ತಿರವಿರುವುದು ಆಕ್ಸಲ್ಲಿನ ನಡುವೆ ಡಿಫರೆನ್ಷಿಯಲ್ ಕೂತ ಉಬ್ಬು. ಸಸ್ಪೆನ್ಷನ್ ಎಷ್ಟೇ ಎತ್ತರಿಸಿದರೂ ಅದು ಮೇಲೇಳುವುದಿಲ್ಲ, ಎತ್ತಿನಗಾಡಿಯ ಅಚ್ಚಿನಂತೆ ಅದರ ಎತ್ತರ ನಿರ್ಧಾರವಾಗುವುದು ಚಕ್ರದ ಅಳತೆಯಿಂದ. ಅದಕ್ಕಾಗಿ ಟೈರು ಮುಖ್ಯ. 205/70 ಆರ್ 15 ಟೈರಿನ ವ್ಯಾಸ 668 ಮಿ.ಮೀ., 235/75 ಆರ್ 15ರದು ಸುಮಾರು 733 ಮಿ.ಮೀ. ಮೊದಲನೆಯದನ್ನು ತೆಗೆದು ಎರಡನೆಯದನ್ನು ಹಾಕಿದರೆ ಆ ಉಬ್ಬು ನೆಲದಿಂದ ಮೇಲೇಳುವುದು ವ್ಯತ್ಯಾಸದ ಅರ್ಧ, ಅಂದರೆ 33 ಮಿ.ಮೀ.ಗೆ ಹತ್ತಿರ. ಕಲ್ಲಿನ ದಾರಿಯಲ್ಲಿ ಇದು ಕಡಿಮೆಯಲ್ಲ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ವ್ಯಾಸ ಶೇಕಡ 10ರಷ್ಟು ಹೆಚ್ಚಿದರೆ ಪ್ರತಿ ಗೇರೂ ಅಷ್ಟೇ ಉದ್ದವಾಗುತ್ತದೆ. ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಐದನೆಯ ಗೇರು ಹೆದ್ದಾರಿಯ ಸಣ್ಣ ಏರಿಗೂ ಸುಸ್ತಾಗುತ್ತದೆ, ಕ್ಲಚ್ ಬೇಗ ಸವೆಯುತ್ತದೆ. ಭಾರದ ಟೈರನ್ನು ನಿಲ್ಲಿಸಲು ಬ್ರೇಕು ಹೆಚ್ಚು ದುಡಿಯಬೇಕು. ಬೂಸ್ಟರ್ ಇಲ್ಲದ 2000ಕ್ಕಿಂತ ಹಿಂದಿನ ಗಾಡಿಗಳಲ್ಲಿ ಇದನ್ನು ಹಗುರಾಗಿ ತೆಗೆದುಕೊಳ್ಳಬಾರದು. ಅಗಲದ ರಿಮ್ಮು ಹಾಕಿ ಚಕ್ರವನ್ನು ಹೊರಚಾಚಿದರೆ ಸವೆದ ಕಿಂಗ್‌ಪಿನ್ ಮತ್ತು ವೀಲ್ ಬೇರಿಂಗುಗಳ ಮೇಲೆ ಹೊರೆ ಬೀಳುತ್ತದೆ. 215/75 ಆರ್ 15 ಅಳತೆಯ ಆಲ್ ಟೆರೇನ್ ಟೈರು ಎಂಜಿನ್, ಬ್ರೇಕು ಎರಡನ್ನೂ ಮುಟ್ಟದ ಮಾಲೀಕರಿಗೆ ಸರಿಯಾದ ಮಿತಿ. ಅದಕ್ಕಿಂತ ದೊಡ್ಡದು ಬೇಕೆನ್ನುವವರು ಗೇರಿನ ಅನುಪಾತ ಬದಲಿಸುವ ಮಾತನ್ನೂ ಜೊತೆಗೇ ಆಡಬೇಕು.

ಮಡ್ ಟೆರೇನ್ ಟೈರಿನ ದಪ್ಪ ಹಲ್ಲು ಮಲೆನಾಡಿನ ಜೇಡಿಗೆ ಒಳ್ಳೆಯದು, ಮಳೆಯಲ್ಲಿ ನೆನೆದ ಡಾಂಬರಿಗೆ ಕೆಟ್ಟದ್ದು. ವರ್ಷದ ಹೆಚ್ಚು ದಿನ ಗಾಡಿ ಡಾಂಬರಿನ ಮೇಲೆಯೇ ಇರುತ್ತದೆ ಎಂಬುದನ್ನು ಟೈರಂಗಡಿಯಲ್ಲಿ ಯಾರೂ ನೆನಪಿಸುವುದಿಲ್ಲ. ಹೊಸ ಟೈರಿಗಿಂತ ಮೊದಲು ಕೊಳ್ಳಬೇಕಾದದ್ದು ಗಾಳಿಯ ಗೇಜು ಮತ್ತು 12 ವೋಲ್ಟಿನ ಕಂಪ್ರೆಸರ್. ಮರಳು, ಮೆತ್ತನೆಯ ಕೆಸರಿನಲ್ಲಿ ಗಾಳಿಯನ್ನು 15–18 ಪಿಎಸ್‌ಐಗೆ ಇಳಿಸಿದರೆ ಟೈರು ಉದ್ದಕ್ಕೆ ಹರಡಿ ನೆಲವನ್ನು ಹೆಚ್ಚು ಹಿಡಿಯುತ್ತದೆ. ಹಳೆಯ ಟೈರಿನಲ್ಲೇ ಗಾಡಿ ಎಷ್ಟು ಬೇರೆಯಾಗಿ ನಡೆಯುತ್ತದೆ ಎಂಬುದು ಮೊದಲ ಸಲ ಮಾಡಿ ನೋಡಿದವರಿಗೆ ಅಚ್ಚರಿ. ಇನ್ನೂ ಇಳಿಸಿದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚುವ ಭಯ. ಡಾಂಬರಿಗೆ ಮರಳುವ ಮೊದಲು ಮತ್ತೆ ತುಂಬಿಸಲೇಬೇಕು.

ಸಸ್ಪೆನ್ಷನ್ ಎತ್ತರಿಸುವುದು

ದೊಡ್ಡ ಟೈರು ಗುಂಡಿಯಲ್ಲಿ ಬಾಡಿಗೆ ತಾಗದಿರಲು, ಚೂಪಾದ ಏರಿಗೆ ಬಂಪರ್ ಬಡಿಯದಿರಲು ಎತ್ತರಿಸುವುದು ಬೇಕಾಗುತ್ತದೆ. ಸುಲಭದ ದಾರಿ ಉದ್ದನೆಯ ಶ್ಯಾಕಲ್. ಶ್ಯಾಕಲ್ ಎಷ್ಟು ಉದ್ದವಾಯಿತೋ ಅದರ ಅರ್ಧದಷ್ಟು ಮಾತ್ರ ಗಾಡಿ ಏರುತ್ತದೆ. ಮುಂದಿನ ಆಕ್ಸಲ್ ಸ್ವಲ್ಪ ಹೊರಳಿ, ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಕ್ಯಾಸ್ಟರ್ ಕೋನವೂ ಬದಲಾಗುತ್ತದೆ, ಹೆದ್ದಾರಿಯಲ್ಲಿ ಸ್ಟೀರಿಂಗ್ ಅಲೆಯತೊಡಗುತ್ತದೆ. ಕಮಾನಿಗೆ ಒಂದೆರಡು ಪಟ್ಟಿ ಹೆಚ್ಚು ಸೇರಿಸುವುದು ಹಳ್ಳಿಯ ಕಮ್ಮಾರಸಾಲೆಯಲ್ಲೂ ಆಗುವ ಕೆಲಸ. ಆದರೆ ಜಿಪ್ಸಿಯ ಮೂಲ ಸ್ಪ್ರಿಂಗೇ ಬೇಕಾದ್ದಕ್ಕಿಂತ ಬಿರುಸು. ಇನ್ನಷ್ಟು ಬಿರುಸಾದರೆ ಏರುಪೇರಿನಲ್ಲಿ ಚಕ್ರ ಕೆಳಗಿಳಿದು ನೆಲ ಮುಟ್ಟುವ ಬದಲು ಗಾಳಿಯಲ್ಲಿ ನೇತಾಡುತ್ತದೆ, ನೇತಾಡುವ ಚಕ್ರದಿಂದ ಎಳೆತ ಸಿಗದು. ಎತ್ತರ ಹೆಚ್ಚಾಗಿ ಹಿಡಿತ ಕಡಿಮೆಯಾದ ಇಂಥ ಗಾಡಿಗಳು ಪ್ರತಿ ಊರಿನಲ್ಲೂ ಒಂದೆರಡು ಸಿಗುತ್ತವೆ.

ಆಕ್ಸಲ್ಲಿನ ಕೆಳಗಿದ್ದ ಸ್ಪ್ರಿಂಗನ್ನು ಮೇಲಕ್ಕೆ ತಂದು ಕೂರಿಸುವುದು ದೊಡ್ಡ ಮಾರ್ಪಾಡು. ಒಮ್ಮೆಗೇ ಗಣನೀಯ ಎತ್ತರ ಸಿಗುತ್ತದೆ, ಮೆತ್ತನೆಯ ಸ್ಪ್ರಿಂಗನ್ನೇ ಬಳಸಬಹುದು. ಅದರ ಬೆನ್ನಿಗೇ ಸ್ಟೀರಿಂಗಿನ ಡ್ರ್ಯಾಗ್ ಲಿಂಕ್ ಓರೆಯಾಗುತ್ತದೆ, ಬ್ರೇಕ್ ಹೋಸು ಗಿಡ್ಡವಾಗುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಕೋನ ಚೂಪಾಗಿ ಕ್ರಾಸ್ ಬೇಗ ಹೋಗುತ್ತದೆ, ಜೋರಾಗಿ ಎಳೆಯುವಾಗ ಆಕ್ಸಲ್ ತನ್ನ ಮೇಲೆ ತಾನೇ ಹೊರಳಿ ಸ್ಪ್ರಿಂಗನ್ನು ಎಸ್ ಆಕಾರಕ್ಕೆ ತಿರುಚುತ್ತದೆ. ಪ್ರತಿಯೊಂದಕ್ಕೂ ಪರಿಹಾರವಿದೆ, ಪ್ರತಿ ಪರಿಹಾರಕ್ಕೂ ಬಿಲ್ಲಿದೆ. ಗೋವಾದಲ್ಲಿ 2014ರಿಂದ ಆರಂಭವಾದ ರೇನ್‌ಫಾರೆಸ್ಟ್ ಚಾಲೆಂಜಿನಂಥ ಸ್ಪರ್ಧೆಗೆ ಇಳಿಯುವವರಿಗೆ ಇದು ಬೇಕು. ತೋಟಕ್ಕೆ, ಬೆಟ್ಟಕ್ಕೆ ಹೋಗಿ ಬರುವವರಿಗೆ ಒಳ್ಳೆಯ ಶಾಕ್ ಅಬ್ಸಾರ್ಬರ್, ಹೊಸ ಬುಶ್, ಸದ್ದು ಮಾಡದ ಶ್ಯಾಕಲ್ ಪಿನ್ನು ಸಾಕು.

ಗೇರು ಮತ್ತು ಡಿಫರೆನ್ಷಿಯಲ್ ಲಾಕು

ಜಿಪ್ಸಿ ಕಿಂಗ್‌ನ ಟ್ರಾನ್ಸ್‌ಫರ್ ಕೇಸಿನಲ್ಲಿ ಹೈ ರೇಂಜಿನ ಅನುಪಾತ 1.409, ಲೋ ರೇಂಜಿನದು 2.268. ಫಸ್ಟ್ ಗೇರು ಮತ್ತು ಆಕ್ಸಲ್ಲಿನ ಅನುಪಾತ ಸೇರಿಸಿ ಗುಣಿಸಿದರೆ ಎಂಜಿನ್ ಸುಮಾರು ಮೂವತ್ತು ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ಕಲ್ಲಿನ ಮೇಲೆ ತೆವಳಲು ಇದು ಸಾಲದು. ಸೋದರ ಗಾಡಿಯಾದ ಸುಜುಕಿ ಸಮುರಾಯ್ ಅಮೆರಿಕದಲ್ಲಿ ಜನಪ್ರಿಯವಾದ್ದರಿಂದ ಟ್ರಾನ್ಸ್‌ಫರ್ ಕೇಸಿನೊಳಗೇ ಕೂರುವ ಇನ್ನೂ ನಿಧಾನದ ಗೇರುಗಳನ್ನು ಅಲ್ಲಿಯ ಬಿಡಿಭಾಗ ತಯಾರಕರು ರೂಪಿಸಿದ್ದಾರೆ. 4.16 ಅನುಪಾತದ ಸೆಟ್ಟು ಅವುಗಳಲ್ಲಿ ಹೆಸರಾದದ್ದು. ದೊಡ್ಡ ಟೈರು ಕಿತ್ತುಕೊಂಡ ಎಳೆತವನ್ನು ಮರಳಿ ಕೊಡುವುದು ಹೆಚ್ಚು ಶಕ್ತಿಯ ಎಂಜಿನ್ ಅಲ್ಲ, ಇಂಥ ಗೇರು.

ಮಾಮೂಲಿ ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಸಮಾನ ತಿರುಚುಬಲ ಕೊಡುತ್ತದೆ. ಒಂದು ಚಕ್ರ ಗಾಳಿಯಲ್ಲಿದ್ದರೆ ಅದನ್ನು ತಿರುಗಿಸಲು ಬೇಕಾದ್ದು ಅತ್ಯಲ್ಪ, ಆದ್ದರಿಂದ ನೆಲದ ಮೇಲಿರುವ ಚಕ್ರಕ್ಕೂ ಸಿಗುವುದು ಅಷ್ಟೇ. ಮುಂದೆ ಒಂದು, ಹಿಂದೆ ಒಂದು ಚಕ್ರ ಎದ್ದರೆ ಫೋರ್ ವೀಲ್ ಡ್ರೈವ್ ಗಾಡಿಯೂ ನಿಂತಲ್ಲೇ ನಿಲ್ಲುತ್ತದೆ. ಲಾಕರ್ ಎರಡೂ ಶಾಫ್ಟುಗಳನ್ನು ಒಂದಾಗಿಸಿ ಇದನ್ನು ತಪ್ಪಿಸುತ್ತದೆ. ಬೇಕಾದಾಗ ಸ್ವಿಚ್ಚು ಒತ್ತಿ ತೊಡಗಿಸುವ ಗಾಳಿಯ ಲಾಕರ್ ಒಳ್ಳೆಯದು, ದುಬಾರಿ. ಡಿಫರೆನ್ಷಿಯಲ್ಲಿನ ಒಳಗೇರುಗಳನ್ನು ವೆಲ್ಡ್ ಮಾಡಿಸಿ ಅಗ್ಗಕ್ಕೆ ಅದೇ ಕೆಲಸ ಮಾಡಿಸಿಕೊಂಡವರ ಗಾಡಿ ಡಾಂಬರಿನ ತಿರುವಿನಲ್ಲಿ ಟೈರು ಕೀರಲಿಸುತ್ತ ಹೋಗುವುದನ್ನು ದೂರದಿಂದಲೇ ಗುರುತಿಸಬಹುದು. ರಸ್ತೆಯಲ್ಲೂ ಓಡುವ ಗಾಡಿಗೆ ಅದು ಸಲ್ಲದು. ಯಾವ ಲಾಕರ್ ಹಾಕಿದರೂ ಹಿಂದೆ ಜಾರಿ ವ್ಯರ್ಥವಾಗುತ್ತಿದ್ದ ಬಲವೆಲ್ಲ ಈಗ ಒಂದೇ ಆಕ್ಸಲ್ ಶಾಫ್ಟಿನ ಮೇಲೆ ಬರಬಹುದು. ಅದೂ ಮುಂದಿನ ಆಕ್ಸಲ್ಲಿಗೆ ಲಾಕರ್ ಹಾಕಿ ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ತುಳಿದರೆ ಸಿವಿ ಜಾಯಿಂಟು ಉಳಿಯುವುದು ಕಷ್ಟ.

ನೀರು, ವಿಂಚ್

ಸ್ನಾರ್ಕೆಲ್ ಹಾಕಿದ ಮಾತ್ರಕ್ಕೆ ಗಾಡಿ ಆಳದ ನೀರಿಗೆ ಸಿದ್ಧವಾಗುವುದಿಲ್ಲ. ಏರ್ ಫಿಲ್ಟರ್ ಪೆಟ್ಟಿಗೆಯ ಮುಚ್ಚಳ, ನೀರಿಳಿಯುವ ತೂತು, ಹೋಸಿನ ಸೇರಿಕೆ ಎಲ್ಲ ಬಿಗಿಯಾಗದಿದ್ದರೆ ಕೊಳವೆ ಬರಿಯ ಅಲಂಕಾರ. ಸಿಲಿಂಡರಿನೊಳಗೆ ನೀರು ಹೋದರೆ ಅದನ್ನು ಒತ್ತಿ ಕುಗ್ಗಿಸಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿನಲ್ಲಿ ಎಂಜಿನ್ ನಿಂತರೆ ಸ್ಟಾರ್ಟ್ ಮಾಡಲು ಯತ್ನಿಸದೆ ಎಳೆಸಿ, ಪ್ಲಗ್ಗು ಬಿಚ್ಚಿ ನೀರು ಹೊರಹಾಕಬೇಕು. ಕಾರ್ಬ್ಯುರೇಟರ್ ಗಾಡಿ ಇದಕ್ಕೂ ಮುಂಚೆಯೇ ಡಿಸ್ಟ್ರಿಬ್ಯೂಟರ್ ಒದ್ದೆಯಾಗಿ ನಿಲ್ಲುತ್ತದೆ. ಒಂದರ್ಥದಲ್ಲಿ ಅದು ಅದರ ಪುಣ್ಯ. ಧೂಳಿನ ದಾರಿಯಲ್ಲಿ ಸಾಲಾಗಿ ಹೋಗುವವರಿಗೆ ಮಾತ್ರ ಸ್ನಾರ್ಕೆಲ್ ದಿನವೂ ಉಪಯೋಗಕ್ಕೆ ಬರುತ್ತದೆ.

ವಿಂಚಿನ ಎಳೆಯುವ ಸಾಮರ್ಥ್ಯ ಸಾಮಾನು ಜನ ಸೇರಿದ ಒಟ್ಟು ತೂಕದ ಸುಮಾರು ಒಂದೂವರೆ ಪಟ್ಟು ಇರಬೇಕೆಂಬುದು ರೂಢಿಯ ಲೆಕ್ಕ. ಪೂರ್ತಿ ಹೊರೆಯಲ್ಲಿ ಅದು ಕೆಲವು ನೂರು ಆಂಪಿಯರ್ ಎಳೆಯುತ್ತದೆ, ಜಿಪ್ಸಿಯ ಸಣ್ಣ ಬ್ಯಾಟರಿಗೆ ಅಷ್ಟು ತ್ರಾಣವಿಲ್ಲ. ಬ್ಯಾಟರಿ, ಆಲ್ಟರ್ನೇಟರ್, ದಪ್ಪ ಕೇಬಲ್ಲು ಸೇರಿಸಿದ ಮೇಲೆ ಮೂತಿಯ ಮೇಲೆ ಕೂತ ಭಾರಕ್ಕೆ ಮುಂದಿನ ಸ್ಪ್ರಿಂಗು ತಗ್ಗುತ್ತದೆ, ಮಾರ್ಪಾಡು ಮತ್ತೆ ಸಸ್ಪೆನ್ಷನ್ನಿಗೆ ಬಂದು ನಿಲ್ಲುತ್ತದೆ. ಒಂಟಿಯಾಗಿ ಹೋಗದವರಿಗೆ ಚಾಸಿಗೆ ಬೋಲ್ಟು ಮಾಡಿದ ಎರಡು ಗಟ್ಟಿ ಕೊಂಡಿ, ಒಳ್ಳೆಯ ಹಗ್ಗ, ಗುದ್ದಲಿ ಇದ್ದರೆ ಬಹುಪಾಲು ಸಂದರ್ಭ ದಾಟಿ ಹೋಗುತ್ತದೆ. ಬಂಪರಿಗೆ ಹಗ್ಗ ಕಟ್ಟಿ ಎಳೆದರೆ ಬಂಪರ್ ಕಿತ್ತು ಗುಂಡಿನಂತೆ ಹಾರಬಹುದು. ಮರಕ್ಕೆ ಉಕ್ಕಿನ ಹಗ್ಗ ಸುತ್ತಿದರೆ ತೊಗಟೆ ಸುಲಿದು ಮರ ಸಾಯುತ್ತದೆ, ಅಗಲವಾದ ಪಟ್ಟಿ ಬಳಸಬೇಕು.

ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 52ನೇ ವಿಧಿ, ತಯಾರಕರು ನಮೂದಿಸಿದ್ದಕ್ಕಿಂತ ಮೂಲ ರಚನೆ ಬೇರೆಯಾಗುವಂತೆ ವಾಹನ ಬದಲಿಸುವುದನ್ನು ನಿಷೇಧಿಸುತ್ತದೆ. ಜನವರಿ 2019ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟ ಮಾತಿನಲ್ಲಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ವಿಧಿಯಂತೆ ಅಕ್ರಮ ಮಾರ್ಪಾಡು ಮಾಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಎಂಜಿನ್ ಬದಲಿಸಲು ಆರ್‌ಟಿಒ ಅನುಮತಿ ಮತ್ತು ಆರ್‌ಸಿಯಲ್ಲಿ ನಮೂದು ಬೇಕು. ಬುಲ್ ಬಾರುಗಳ ವಿರುದ್ಧ ಕ್ರಮ ಕೈಗೊಳ್ಳಲು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆಯಿತು. ಎತ್ತರಿಸಿದ ಗಾಡಿ ಅಪಘಾತಕ್ಕೆ ಸಿಲುಕಿದರೆ ವಿಮೆ ಕಂಪನಿ ತಕರಾರು ತೆಗೆಯುತ್ತದೆ, ಪೊಲೀಸರ ದಂಡಕ್ಕಿಂತ ಇದು ಹೆಚ್ಚು ದುಬಾರಿ. 15 ವರ್ಷ ತುಂಬಿದ ಖಾಸಗಿ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ಆಗ ಗಾಡಿ ಇನ್ಸ್‌ಪೆಕ್ಟರ ಮುಂದೆ ನಿಲ್ಲಲೇಬೇಕು. ಬ್ರೀದರ್ ಹೋಸು, ಬುಶ್, ಸೀಲು, ಒಳ್ಳೆಯ ಶಾಕ್ ಇವುಗಳಿಂದ ಗಾಡಿಯ ಮೂಲ ರಚನೆ ಬದಲಾಗುವುದಿಲ್ಲ. ಕಾನೂನಿನ ಗೆರೆಯೂ ಯಂತ್ರಶಾಸ್ತ್ರದ ವಿವೇಕದ ಗೆರೆಯೂ ಇಲ್ಲಿ ಹೆಚ್ಚುಕಡಿಮೆ ಒಂದೇ ಕಡೆ ಬೀಳುತ್ತವೆ. ಸ್ಪರ್ಧೆಗೆಂದೇ ಕಟ್ಟಿದ ಗಾಡಿಗಳ ಮೂಲ ರಚನೆ ಬದಲಾಗಿರುವುದರಿಂದ ಅವನ್ನು ರಸ್ತೆಯಲ್ಲಿ ಓಡಿಸದೆ ಲಾರಿಯ ಮೇಲೆ ಹೇರಿ ಒಯ್ಯುತ್ತಾರೆ.

ಓಡಿಸುವ ಜಾಗಕ್ಕೂ ನಿಯಮವಿದೆ. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳೊಳಗೆ ಅನುಮತಿಯಿಲ್ಲದೆ ಗಾಡಿ ನುಗ್ಗಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಪಶ್ಚಿಮ ಘಟ್ಟದ ಶೋಲೆ ಹುಲ್ಲುಗಾವಲಿನ ಮೇಲೆ ಒಮ್ಮೆ ಬಿದ್ದ ಚಕ್ರದ ಜಾಡು ಮಳೆಗಾಲದಲ್ಲಿ ನೀರಿನ ಕಾಲುವೆಯಾಗಿ ಕೊರೆಯುತ್ತದೆ. ತೋಟದ ಮಾಲೀಕರ ಒಪ್ಪಿಗೆ ಪಡೆದು ಸಕಲೇಶಪುರ, ಕೊಡಗಿನ ಖಾಸಗಿ ಜಮೀನುಗಳಲ್ಲಿ ಓಡಿಸುವ ಗುಂಪುಗಳು ಈ ತೊಡಕನ್ನು ತಪ್ಪಿಸಿಕೊಂಡಿವೆ.

ಓಡಿಸಿ ಬಂದ ಮೇಲೆ

ಜಂಬಿಟ್ಟಿಗೆ ನಾಡಿನ ಕೆಂಪು ಕೆಸರು ಒಣಗಿದರೆ ಚಾಸಿಯ ಮಡಿಕೆಗಳಲ್ಲಿ ತೇವ ಹಿಡಿದಿಟ್ಟು ತುಕ್ಕಿಗೆ ದಾರಿ ಮಾಡುತ್ತದೆ. ಮರುದಿನವೇ ಅಡಿಯಿಂದ ತೊಳೆಯಬೇಕು, ಆದರೆ ಜೋರಿನ ನೀರನ್ನು ಬೇರಿಂಗು, ಸೀಲುಗಳಿಗೆ ನೇರ ಹಾಯಿಸಬಾರದು. ಹಿಂದಿನ ಬ್ರೇಕ್ ಡ್ರಮ್ಮಿನೊಳಗೆ ಸೇರಿದ ಕೆಸರು ಲೈನಿಂಗನ್ನು ಉಜ್ಜಿ ತಿನ್ನುತ್ತದೆ, ಡ್ರಮ್ ಬಿಚ್ಚಿ ತೊಳೆಯುವುದೇ ದಾರಿ. ಕ್ರಾಸುಗಳಿಗೆ ಗ್ರೀಸು, ಏರ್ ಫಿಲ್ಟರಿನ ಪರೀಕ್ಷೆ, ಸ್ಪ್ರಿಂಗಿನ ಯು ಬೋಲ್ಟುಗಳ ಬಿಗಿತ, ನಾಲ್ಕೂ ಎಣ್ಣೆಕೋಣೆಗಳ ಪ್ಲಗ್ಗು ಸ್ವಲ್ಪ ಸಡಿಲಿಸಿ ಬಣ್ಣ ನೋಡುವುದು ಅರ್ಧ ದಿನದ ಕೆಲಸ. ತಳದಲ್ಲಿ ನಿಂತ ನೀರು ಎಣ್ಣೆಗಿಂತ ಭಾರವಾದ್ದರಿಂದ ರಾತ್ರಿಯಿಡೀ ನಿಲ್ಲಿಸಿದ ಗಾಡಿಯಲ್ಲಿ ಅದೇ ಮೊದಲು ತೊಟ್ಟಿಕ್ಕುತ್ತದೆ.

ಬಿಡಿಭಾಗಗಳ ಕೊರತೆ ಸದ್ಯಕ್ಕೆ ತೀವ್ರವಾಗಿಲ್ಲ. ಎಂಜಿನ್ನಿನ ಎಷ್ಟೋ ಭಾಗಗಳು ಸುಜುಕಿಯ ಅದೇ ಸರಣಿಯ ಎಂಜಿನ್ ಇದ್ದ ಮಾರುತಿ ಕಾರುಗಳಿಗೂ ಸಮಾನ. ಬೆಂಗಳೂರಿನ ಜೆ.ಸಿ. ರಸ್ತೆ, ದೆಹಲಿಯ ಕಾಶ್ಮೀರಿ ಗೇಟ್ ಅಂಗಡಿಗಳಲ್ಲಿ ಸೀಲು, ಬೇರಿಂಗು, ಕ್ರಾಸು ಸುಲಭವಾಗಿ ದೊರೆಯುತ್ತವೆ. ನಕಲಿ ಸೀಲು ಅಸಲಿಯ ಕಾಲುಭಾಗದ ಬೆಲೆಗೆ ಸಿಗುತ್ತದಾದರೂ ಅದನ್ನು ಕೂರಿಸಲು ಇಡೀ ನಕಲ್ ಬಿಚ್ಚಬೇಕಾದ ಕೂಲಿ ಎರಡಕ್ಕೂ ಒಂದೇ. ಹಳೆಯ ಜಿಪ್ಸಿ ಇಟ್ಟುಕೊಂಡವರು ಗುಜರಿಯಲ್ಲಿ ಒಳ್ಳೆಯ ಟ್ರಾನ್ಸ್‌ಫರ್ ಕೇಸೋ ಮುಂದಿನ ಆಕ್ಸಲ್ಲೋ ಕಂಡರೆ ಸದ್ಯ ಬೇಡದಿದ್ದರೂ ಕೊಂಡು ಹಿತ್ತಿಲ ಶೆಡ್ಡಿನಲ್ಲಿ ಎಣ್ಣೆ ಸವರಿ ಇಡುತ್ತಾರೆ.